ಕಾರು ಚೆಕ್-ಇನ್‌ಗೆ, ಬ್ಯಾಟರಿ ಕೈಚೀಲಕ್ಕೆ: ಆರ್‌ಸಿ ಕಾರನ್ನ ವಿಮಾನದಲ್ಲಿ ಊರಿಗೆ ಒಯ್ಯೋದು ಹೇಗೆ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಓದೋಕೆ ಅನುಕೂಲ ಆಗೋ ಹಾಗೆ ಸ್ವಲ್ಪ ಜೋಡಿಸಿ ಇಲ್ಲಿ ಬರೆದಿದ್ದೀನಿ. ವಿಡಿಯೋದಲ್ಲಿ ಲೆಕ್ಕ ಬೇಗ ಬೇಗ ಹೇಳಿಬಿಟ್ಟೆ ಅಂತ ಕೆಲವರು ಹೇಳಿದ್ರು. ಅದಕ್ಕೆ ಲೆಕ್ಕವನ್ನ ಇಲ್ಲಿ ನಿಧಾನವಾಗಿ ಬಿಡಿಸಿದ್ದೀನಿ.

ಬಾರಾಮತಿಯ ಬಯಲಲ್ಲಿ ಬಗ್ಗಿ ಓಡಿಸಿದ ವಿಡಿಯೋ ಹಾಕಿದ ಮೇಲೆ ಅತಿ ಹೆಚ್ಚು ಬಂದ ಪ್ರಶ್ನೆ ಮೋಟಾರಿನ ಬಗ್ಗೆ ಅಲ್ಲ, ಸ್ಪೀಡಿನ ಬಗ್ಗೆಯೂ ಅಲ್ಲ. "ಅಣ್ಣಾ, ದಸರಾ ರಜೆಗೆ ಊರಿಗೆ ಹೋಗ್ತಿದ್ದೀನಿ. ಅಕ್ಕನ ಮಗನಿಗೆ ಇದನ್ನ ತೋರಿಸಬೇಕು. ವಿಮಾನದಲ್ಲಿ ಬಿಡ್ತಾರಾ?" ಅನ್ನೋದೇ ಎಲ್ಲರ ಪ್ರಶ್ನೆ. ಪುಣೆ, ಹೈದರಾಬಾದ್, ಗುರುಗ್ರಾಮ, ಅಲ್ಲಿಂದಾಚೆ ಡಲ್ಲಾಸ್‌ವರೆಗೂ ನಮ್ಮವರು ಕೇಳ್ತಿರೋದು ಇದನ್ನೇ.

ಚಿಕ್ಕ ಉತ್ತರ: ಬಿಡ್ತಾರೆ. ಆದರೆ ಕಾರು ಮತ್ತು ಬ್ಯಾಟರಿಯನ್ನ ಇಬ್ಬರು ಬೇರೆ ಬೇರೆ ಪ್ರಯಾಣಿಕರು ಅಂತ ತಿಳ್ಕೊಳ್ಳಿ. ಕಾರು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹೋಗುತ್ತೆ, ಬ್ಯಾಟರಿ ನಿಮ್ಮ ಜೊತೆ ಸೀಟಿನ ಹತ್ರ ಬರುತ್ತೆ. ಇದರ ಹಿಂದಿನ ಕಾರಣ ಒಂದೇ. ಅದು ಅರ್ಥ ಆದರೆ ಯಾವ ನಿಯಮವನ್ನೂ ಬಾಯಿಪಾಠ ಮಾಡಬೇಕಿಲ್ಲ.

ಬಾರಾಮತಿಯಿಂದ ಹೊರಡೋರ ಕಷ್ಟ

ಬಾರಾಮತಿಯಲ್ಲಿ ಏರ್‌ಪೋರ್ಟ್ ಇದೆಯಲ್ಲ ಅಂತ ಹಲವರು ಕೇಳ್ತಾರೆ. ಇದೆ. ದಿನವಿಡೀ ತರಬೇತಿ ವಿಮಾನಗಳು ತಲೆ ಮೇಲೆ ಸುತ್ತು ಹೊಡೀತಾ ಇರ್ತವೆ. ಆದರೆ ಟಿಕೆಟ್ ತಗೊಂಡು ಬೆಂಗಳೂರಿಗೆ ಹತ್ತೋ ವಿಮಾನ ಅಲ್ಲಿಲ್ಲ. ಅದಕ್ಕೆ ಪುಣೆಯ ಲೋಹೆಗಾಂವ್‌ಗೇ ಹೋಗಬೇಕು. ಸುಮಾರು ನೂರು ಕಿಲೋಮೀಟರು. ಮೋರ್‌ಗಾಂವ್, ಜೇಜುರಿ, ಸಾಸವಡ ಮೇಲಿಂದ ಹೋಗಿ, ಇಲ್ಲ ಪಾಟಸ್‌ಗೆ ಬಂದು ಸೋಲಾಪುರ ಹೆದ್ದಾರಿ ಹಿಡೀರಿ, ಎಸ್‌ಟಿ ಬಸ್ಸಿನಲ್ಲಾದರೂ ಕ್ಯಾಬಿನಲ್ಲಾದರೂ ಎರಡು ಮೂರು ಗಂಟೆ ಬೇಕು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಿಮ್ಮ ಪ್ಯಾಕಿಂಗಿನ ಪರೀಕ್ಷೆ ವಿಮಾನದಲ್ಲಿ ಅಲ್ಲ, ಈ ರಸ್ತೆಯಲ್ಲೇ ಶುರುವಾಗುತ್ತೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಬಸ್ಸಿನ ಲಗೇಜ್ ಗೂಡು ಅದಕ್ಕಿಂತ ಬಿಸಿ. ಲಿಪೋ ಬ್ಯಾಟರಿಗೆ ಬಿಸಿ ಅಂದ್ರೆ ಆಗಲ್ಲ. ಅದಕ್ಕೇ ಬ್ಯಾಟರಿ ಮನೆಯಿಂದಲೇ ಕೈಚೀಲದಲ್ಲಿ, ನಿಮ್ಮ ಕಾಲ ಹತ್ರ ಇರಬೇಕು. ಲೋಹೆಗಾಂವ್ ತಲುಪಿದ ಮೇಲೆ ಸೂಟ್‌ಕೇಸಿಂದ ತೆಗೆದು ಚೀಲಕ್ಕೆ ಹಾಕ್ತೀನಿ ಅನ್ನೋದು ಬೇಡ.

ಲಿಪೋ ಬಗ್ಗೆ ಇಷ್ಟು ಭಯ ಯಾಕೆ?

ನಿಮ್ಮ ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಇರೋದೂ ಲಿಥಿಯಂ ಬ್ಯಾಟರಿಯೇ. ಹಾಗಿದ್ರೆ ಆರ್‌ಸಿ ಬ್ಯಾಟರಿಗೆ ಏನು ವಿಶೇಷ? ಮೂರು ವಿಷಯ ಇವೆ. ಒಂದು, ಫೋನಿನ ಬ್ಯಾಟರಿ ಗಟ್ಟಿ ಕವಚದ ಒಳಗೆ ಕೂತಿರುತ್ತೆ. ನಮ್ಮ ಲಿಪೋಗಳಲ್ಲಿ ಬಹಳಷ್ಟು ಬರೀ ತೆಳು ಚೀಲದಂಥ ಹೊದಿಕೆಯವು, ಚೂಪಾದ ವಸ್ತು ಚುಚ್ಚಿದರೆ ಸಾಕು. ಎರಡು, ಫೋನಿನ ಒಳಗೆ ಹೆಚ್ಚು ಚಾರ್ಜ್ ಆಗದಂತೆ, ಶಾರ್ಟ್ ಆಗದಂತೆ ಕಾಯೋ ಸರ್ಕ್ಯೂಟ್ ಇದೆ. ಸಾಮಾನ್ಯ ಆರ್‌ಸಿ ಪ್ಯಾಕಿನಲ್ಲಿ ಅದು ಇರಲ್ಲ. ಮೂರು, ಇದು ಒಂದೇ ಏಟಿಗೆ ಭಾರಿ ಕರೆಂಟ್ ಕೊಡೋಕೆಂದೇ ಮಾಡಿದ ಬ್ಯಾಟರಿ. ಎರಡು ತುದಿ ತಾಗಿದರೆ ವೈರ್ ಕ್ಷಣದಲ್ಲಿ ಕೆಂಪಗಾಗುತ್ತೆ.

ಒಳಗೆ ಆಗೋದು ಇಷ್ಟು. ಪಾಸಿಟಿವ್ ಮತ್ತು ನೆಗೆಟಿವ್ ಪದರಗಳ ನಡುವೆ ಒಂದು ತೆಳು ಪರದೆ ಇರುತ್ತೆ. ಅದು ಹರಿದರೆ ಒಳಗೇ ಶಾರ್ಟ್ ಆಗುತ್ತೆ, ಶಾರ್ಟ್‌ನಿಂದ ಬಿಸಿ ಏರುತ್ತೆ, ಬಿಸಿಯಿಂದ ರಾಸಾಯನಿಕ ಕ್ರಿಯೆ ಜೋರಾಗಿ ಇನ್ನಷ್ಟು ಬಿಸಿ ಹುಟ್ಟುತ್ತೆ. ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲಿಗೆ ದಾಟುತ್ತೆ. ಇದನ್ನ ಥರ್ಮಲ್ ರನ್‌ಅವೇ ಅಂತಾರೆ. ನಿಲ್ಲೋ ಷರತ್ತೇ ಇಲ್ಲದ ಲೂಪ್ ಅಂತ ನಮ್ಮ ಭಾಷೆಯಲ್ಲಿ ಹೇಳಬಹುದು.

ವಿಮಾನದ ಹೊಟ್ಟೆಯಲ್ಲಿ ಬೆಂಕಿ ಆರಿಸೋಕೆ ಹ್ಯಾಲಾನ್ ಅನ್ನೋ ಅನಿಲದ ವ್ಯವಸ್ಥೆ ಇದೆ. ಅದು ಜ್ವಾಲೆಯನ್ನ ತಡೆಯುತ್ತೆ. ಆದರೆ ಬ್ಯಾಟರಿ ಒಳಗಿನ ಈ ಬಿಸಿಯ ಸರಪಳಿಯನ್ನ ತಡೆಯೋಕೆ ಬೇಕಾಗಿರೋದು ತಂಪು. ಅದು ಹ್ಯಾಲಾನ್ ಕೈಲಿ ಆಗಲ್ಲ. ಅಮೆರಿಕದ ಎಫ್‌ಎಎ ಸೂಟ್‌ಕೇಸಿನ ಒಳಗೆ ಲ್ಯಾಪ್‌ಟಾಪ್ ಬ್ಯಾಟರಿಯನ್ನ ಬೇಕಂತಲೇ ಬಿಸಿ ಮಾಡಿ ಪರೀಕ್ಷೆ ನಡೆಸಿ, ಪಕ್ಕದಲ್ಲಿ ಕೂದಲಿಗೆ ಹಾಕೋ ಸ್ಪ್ರೇ ಡಬ್ಬಿ ಇದ್ದಾಗ ಅದು ಸಿಡಿದು ಹ್ಯಾಲಾನ್ ವ್ಯವಸ್ಥೆಯೇ ಸಾಲದೇ ಹೋಗಬಹುದು ಅಂತ 2017ರಲ್ಲಿ ಎಚ್ಚರಿಸಿತು. ಅದಕ್ಕೂ ಮುಂಚೆ, 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟಿದ್ದ ಯುಪಿಎಸ್‌ನ 747 ಸರಕು ವಿಮಾನದಲ್ಲಿ ಬೆಂಕಿ ಹತ್ತಿಕೊಂಡಿತು. ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳು ರಾಶಿ ಇದ್ದವು. ಕಾಕ್‌ಪಿಟ್ ತುಂಬ ಹೊಗೆ ತುಂಬಿ ವಿಮಾನ ಬಿತ್ತು, ಒಳಗಿದ್ದ ಇಬ್ಬರೂ ಪೈಲಟ್‌ಗಳು ಸತ್ತರು.

ಇದಕ್ಕೆ ಹೋಲಿಸಿ ನೋಡಿ. 2025ರ ಅಕ್ಟೋಬರ್‌ನಲ್ಲಿ ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ವಿಮಾನದಲ್ಲಿ ಪ್ರಯಾಣಿಕರೊಬ್ಬರ ಪವರ್‌ಬ್ಯಾಂಕಿಗೆ ಬೆಂಕಿ ಹತ್ತಿತು. ವಿಮಾನ ಇನ್ನೂ ನೆಲದ ಮೇಲಿತ್ತು, ಬೆಂಕಿ ಎಲ್ಲರ ಕಣ್ಣೆದುರಿಗಿತ್ತು. ಸಿಬ್ಬಂದಿ ಆರಿಸಿದರು, ಯಾರಿಗೂ ಏನೂ ಆಗಲಿಲ್ಲ.

ನಮ್ಮ ಮನೆಗಳಲ್ಲಿ ಹಾಲು ಒಲೆ ಮೇಲಿಟ್ಟು "ಇಲ್ಲೇ ನಿಂತ್ಕೊಂಡು ನೋಡ್ತಿರು" ಅಂತಾರಲ್ಲ, ಅದೇ ತತ್ವ. ಉಕ್ಕಲೇಬಾರದು ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಉಕ್ಕಿದಾಗ ಕಣ್ಣಿಗೆ ಬೀಳಬೇಕು, ಕೈಗೆ ಸಿಗಬೇಕು. ಬ್ಯಾಟರಿ ಕ್ಯಾಬಿನ್‌ಗೆ ಬರಬೇಕು ಅನ್ನೋ ನಿಯಮದ ಅರ್ಥ ಇಷ್ಟೇ.

ವ್ಯಾಟ್-ಅವರ್ ಲೆಕ್ಕ

ಏರ್‌ಲೈನ್‌ನವರಿಗೆ ಎಂಎಎಚ್ ಬೇಡ, ವ್ಯಾಟ್-ಅವರ್ ಬೇಕು. ನಮ್ಮ ಪ್ಯಾಕುಗಳ ಮೇಲೆ ಎಷ್ಟೋ ಸಲ ಅದನ್ನ ಅಚ್ಚು ಹಾಕಿರೋದೇ ಇಲ್ಲ. ಲೆಕ್ಕ ಸುಲಭ: ವೋಲ್ಟ್ ಗುಣಿಸು ಆಂಪ್-ಅವರ್. ಎಂಎಎಚ್ ಅನ್ನ 1000ದಿಂದ ಭಾಗಿಸಿದರೆ ಆಂಪ್-ಅವರ್. ಲಿಪೋದ ಒಂದು ಸೆಲ್ಲಿಗೆ 3.7 ವೋಲ್ಟ್ ಅಂತ ಹಿಡೀಬೇಕು. ಪೂರ್ತಿ ಚಾರ್ಜಿನ 4.2 ಅಲ್ಲ.

- 2ಎಸ್, 5000 ಎಂಎಎಚ್: 7.4 × 5 = 37 ವ್ಯಾಟ್-ಅವರ್
- 3ಎಸ್, 2200 ಎಂಎಎಚ್: 11.1 × 2.2 = ಸುಮಾರು 24.4
- 3ಎಸ್, 5000 ಎಂಎಎಚ್: 11.1 × 5 = 55.5
- 4ಎಸ್, 5000 ಎಂಎಎಚ್: 14.8 × 5 = 74
- 4ಎಸ್, 6500 ಎಂಎಎಚ್: 14.8 × 6.5 = 96.2
- 6ಎಸ್, 5000 ಎಂಎಎಚ್: 22.2 × 5 = 111

ಅಂತರರಾಷ್ಟ್ರೀಯವಾಗಿ ನಡೆಯೋ ಪದ್ಧತಿ ಹೀಗಿದೆ. 100 ವ್ಯಾಟ್-ಅವರ್ ಒಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರ ನಡುವೆ ಇದ್ದರೆ ಏರ್‌ಲೈನ್‌ನಿಂದ ಮುಂಚೆಯೇ ಒಪ್ಪಿಗೆ ಬೇಕು, ಬಿಡಿ ಬ್ಯಾಟರಿ ಎರಡಕ್ಕಿಂತ ಹೆಚ್ಚು ಇರಬಾರದು. 160 ದಾಟಿದರೆ ಪ್ರಯಾಣಿಕರ ಸಾಮಾನಾಗಿ ಒಯ್ಯುವ ಹಾಗೇ ಇಲ್ಲ. ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99 ವ್ಯಾಟ್-ಅವರ್ ಸುತ್ತಲೇ ಬಂದು ನಿಲ್ಲೋದನ್ನ ಗಮನಿಸಿದ್ದೀರಾ? ಈ 100ರ ಗೆರೆಯೇ ಕಾರಣ.

ಮಿತಿ ಒಂದೊಂದು ಬ್ಯಾಟರಿಗೆ, ಎಲ್ಲ ಸೇರಿಸಿ ಅಲ್ಲ. 37ರ ಎರಡು ಪ್ಯಾಕ್ ಇದ್ದರೆ 74 ಅಂತ ಕೂಡಿಸಬೇಕಾಗಿಲ್ಲ. ಆದರೆ ಎಷ್ಟು ಬಿಡಿ ಬ್ಯಾಟರಿ ಒಯ್ಯಬಹುದು ಅನ್ನೋದರಲ್ಲಿ ಏರ್‌ಲೈನ್‌ಗಳು ತಮ್ಮದೇ ಬಿಗಿ ನಿಯಮ ಇಟ್ಟುಕೊಳ್ಳಬಹುದು. ಟಿಕೆಟ್ ತಗೊಂಡ ಏರ್‌ಲೈನಿನ ಬ್ಯಾಟರಿ ಪುಟವನ್ನ ಹೊರಡೋ ಹಿಂದಿನ ದಿನ ಒಂದ್ಸಲ ನೋಡಿ.

74 ವ್ಯಾಟ್-ಅವರ್ ಅಂದ್ರೆ ಎಷ್ಟು? ಆ ಶಕ್ತಿಯಿಂದ ಮುಕ್ಕಾಲು ಲೀಟರಿಗೂ ಹೆಚ್ಚು ನೀರನ್ನ 25 ಡಿಗ್ರಿಯಿಂದ ಕುದಿಯೋವರೆಗೂ ಕಾಯಿಸಬಹುದು. ಅಂಗೈಯಗಲದ ಪ್ಯಾಕಿನಲ್ಲಿ ಅಷ್ಟಿದೆ.

ಬ್ಯಾಟರಿಯನ್ನ ಸಿದ್ಧ ಮಾಡೋದು

ಮೊದಲು ಕೈಯಲ್ಲಿ ಹಿಡಿದು ನೋಡಿ. ಉಬ್ಬಿದ್ದರೆ, ಮೂಲೆ ಜಜ್ಜಿ ಹೋಗಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬರ್ತಿದ್ದರೆ ಅದು ವಿಮಾನ ಹತ್ತೋ ಬ್ಯಾಟರಿ ಅಲ್ಲ. ಅದನ್ನ ಕಟ್ಟಿಕೊಂಡು ಹೋಗೋದು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಮನೆಯಲ್ಲೂ ಇಟ್ಟುಕೊಳ್ಳಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಸರಿಯಾಗಿರೋ ಬ್ಯಾಟರಿಯನ್ನ ಸ್ಟೋರೇಜ್ ಚಾರ್ಜಿಗೆ ತನ್ನಿ. ಸೆಲ್ಲಿಗೆ 3.8 ವೋಲ್ಟ್ ಆಸುಪಾಸು. ಈಗಿನ ಚಾರ್ಜರ್‌ಗಳಲ್ಲಿ ಅದಕ್ಕೆಂದೇ ಮೋಡ್ ಇದೆ. ತುಂಬಿಸಿದ ಬ್ಯಾಟರಿ ಕೆಟ್ಟರೆ ಬೆಂಕಿ ಜೋರು, ಅರೆತುಂಬಿದ್ದು ಕೆಟ್ಟರೆ ಅಷ್ಟು ಜೋರಿರಲ್ಲ. ಸರಕಾಗಿ ವಿಮಾನದಲ್ಲಿ ಕಳಿಸೋ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳಿಗೆ 2016ರಿಂದ ಶೇಕಡಾ 30ಕ್ಕಿಂತ ಹೆಚ್ಚು ಚಾರ್ಜ್ ಇರಬಾರದು ಅನ್ನೋ ನಿಯಮ ಬಂದಿದ್ದೂ ಇದೇ ಕಾರಣಕ್ಕೆ. ಊರಿಗೆ ಹೋದ ತಕ್ಷಣ ಓಡಿಸಬೇಕು ಅನ್ನೋ ಆಸೆಗೆ ಹಿಂದಿನ ರಾತ್ರಿ ಫುಲ್ ಚಾರ್ಜ್ ಮಾಡಬೇಡಿ. ಚಾರ್ಜರ್ ಒಯ್ತೀರಲ್ಲ, ಅಲ್ಲೇ ಮಾಡಿ, ಹುಡುಗರು ಒಂದು ಗಂಟೆ ಕಾಯ್ತಾರೆ.

ಆಮೇಲೆ ಕನೆಕ್ಟರ್. ಎಕ್ಸ್‌ಟಿ60 ಆಗಲಿ ಬೇರೆ ಯಾವುದೇ ಆಗಲಿ, ಅದಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಇಲ್ಲದಿದ್ದರೆ ಬಾಯಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಬ್ಯಾಲೆನ್ಸ್ ಮಾಡೋ ಚಿಕ್ಕ ಬಿಳಿ ಪ್ಲಗ್ಗನ್ನ ಎಲ್ಲರೂ ಮರೀತಾರೆ, ಅದಕ್ಕೂ ಟೇಪ್ ಬೇಕು. ಒಂದೊಂದು ಬ್ಯಾಟರಿ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ, ಎಲ್ಲ ಸೇರಿ ಲಿಪೋ ಬ್ಯಾಗಿನಲ್ಲಿ. ಪಕ್ಕದಲ್ಲಿ ಬೀಗದ ಕೈ, ನಾಣ್ಯ, ಸ್ಕ್ರೂ ಇರಬಾರದು. ಪ್ಯಾಕಿನ ಮೇಲೆ ವ್ಯಾಟ್-ಅವರ್ ಅಚ್ಚಾಗಿಲ್ಲ ಅಂದ್ರೆ ವೋಲ್ಟ್ ಮತ್ತು ಎಂಎಎಚ್ ಕಾಣೋ ಮೂಲ ಲೇಬಲ್ ಮಾತ್ರ ಕಿತ್ತು ಹೋಗಿರಬಾರದು. ಪಕ್ಕದಲ್ಲಿ ಲೆಕ್ಕ ಬರೆದ ಚೀಟಿ ಅಂಟಿಸಿ. ಲೇಬಲ್ಲೇ ಇಲ್ಲದ ಬ್ಯಾಟರಿಯನ್ನ ಭದ್ರತಾ ಸಿಬ್ಬಂದಿ ನಂಬಬೇಕಾಗಿಲ್ಲ.

ರಿಮೋಟಿನ ಒಳಗಿನ ಸಾದಾ ಪೆನ್ಸಿಲ್ ಸೆಲ್ಲುಗಳನ್ನ ತೆಗೆದು ಚಿಕ್ಕ ಡಬ್ಬಿಯಲ್ಲಿ ಹಾಕಿ ಚೆಕ್-ಇನ್‌ಗೆ ಇಡಿ. ಅವು ಲಿಥಿಯಂ ಅಲ್ಲ. ಬಿಡಿ ಡ್ರೈ ಸೆಲ್ ಕೈಚೀಲದಲ್ಲಿದ್ದರೆ ನಮ್ಮ ದೇಶದ ತಪಾಸಣೆಯಲ್ಲಿ ಸುಮ್ಮನೆ ಮಾತು ಬೆಳೆಯುತ್ತೆ. ರಿಮೋಟಿನಲ್ಲಿ ಲಿಥಿಯಂ ಪ್ಯಾಕ್ ಇದ್ದರೆ ಅದನ್ನೂ ಬಿಚ್ಚಿ ಕೈಚೀಲಕ್ಕೆ ಹಾಕಿ.

ಕಾರನ್ನ ಕಟ್ಟೋದು

ಬ್ಯಾಟರಿ ತೆಗೆದ ಮೇಲೆ ಕಾರು ಬರೀ ಲೋಹ, ಪ್ಲಾಸ್ಟಿಕ್. ಆದರೆ ಸೂಟ್‌ಕೇಸನ್ನ ಎತ್ತಿ ಎಸೆಯೋರಿಗೆ ಅದರ ಸೂಕ್ಷ್ಮ ಗೊತ್ತಿರಲ್ಲ. 1:10 ಅಳತೆಯ ಕಾರು ಎರಡು ಎರಡೂವರೆ ಕಿಲೋ, 1:8 ಬಗ್ಗಿ ಅದಕ್ಕಿಂತ ಭಾರ. ದೇಶದೊಳಗೆ ಸಾಮಾನ್ಯವಾಗಿ 15 ಕಿಲೋ ಚೆಕ್-ಇನ್ ಸಿಗುತ್ತೆ, ಹಾಗಾಗಿ ತೂಕದ ಚಿಂತೆ ಇಲ್ಲ. ಚಿಂತೆ ಇರೋದು ಏಟಿಂದು.

ಚಕ್ರ ನಾಲ್ಕೂ ಬಿಚ್ಚಿ. ಚಕ್ರದ ಮೇಲೆ ಕಾರು ನಿಂತಿದ್ದರೆ ಪ್ರತಿ ಏಟೂ ಸಸ್ಪೆನ್ಷನ್ ತೋಳಿಗೆ, ಶಾಕ್‌ನ ಕಡ್ಡಿಗೆ ಹೋಗುತ್ತೆ. ಚಕ್ರ ತೆಗೆದು ಚಾಸಿಯ ಹೊಟ್ಟೆಯನ್ನ ಫೋಮಿನ ಮೇಲೆ ಕೂರಿಸಿದರೆ ಭಾರ ಗಟ್ಟಿ ಜಾಗದ ಮೇಲೆ ಬೀಳುತ್ತೆ. ಬಾಡಿ ಶೆಲ್ಲನ್ನ ಬೇರೆ ತೆಗೆದು ಒಳಗೆ ಬನಿಯನ್, ಟವೆಲ್ ತುರುಕಿ. ಖಾಲಿ ಬಿಟ್ಟರೆ ಬಿರುಕು ಬಿಡುತ್ತೆ. ಹಿಂದಿನ ರೆಕ್ಕೆ, ಆಂಟೆನಾ ಕೊಳವೆ ಬಿಚ್ಚಿ ಇಡಿ. ಬಿಚ್ಚಿದ ನಟ್, ಕ್ಲಿಪ್ಪುಗಳನ್ನ ಒಂದು ಡಬ್ಬಿಗೆ ಹಾಕಿ ಮುಚ್ಚಳ ಟೇಪ್ ಮಾಡಿ. ಚಿಕ್ಕ ಊರಲ್ಲಿ ಬಾಡಿ ಕ್ಲಿಪ್ ಹುಡುಕೋ ಕೆಲಸ ಯಾರಿಗೂ ಬೇಡ.

ಆಯಿಲ್ ಶಾಕ್ ಇದ್ದರೆ ಇನ್ನೊಂದು ವಿಷಯ. ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 8000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಶಾಕ್ ಒಳಗಿನ ಗಾಳಿಗುಳ್ಳೆ ಹಿಗ್ಗಿ, ಸವೆದ ಓ-ರಿಂಗ್ ಸಂದಿಯಿಂದ ಎಣ್ಣೆ ಜಿನುಗುತ್ತೆ. ಅದಕ್ಕೇ ಕಾರನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಮೇಲೆ ಬಟ್ಟೆ ಸುತ್ತಿ. ಅಮ್ಮನಿಗೆ ತಗೊಂಡ ಪೈಠಣಿ ಸೀರೆ ಅದೇ ಸೂಟ್‌ಕೇಸಿನಲ್ಲಿದ್ದರಂತೂ ಎರಡು ಚೀಲ ಹಾಕಿ!

ಅಲೆನ್ ಕೀ, ಸ್ಕ್ರೂಡ್ರೈವರ್, ಕಟ್ಟರ್ ಎಲ್ಲ ಚೆಕ್-ಇನ್‌ಗೇ ಹೋಗಬೇಕು. ಕಾರಿನ ಮೇಲ್ಗಡೆ "ಆಟಿಕೆ ಕಾರು, ಬ್ಯಾಟರಿ ತೆಗೆದಿದೆ" ಅಂತ ಇಂಗ್ಲಿಷಲ್ಲಿ ದೊಡ್ಡದಾಗಿ ಬರೆದ ಕಾಗದ ಇಡಿ, ಬ್ಯಾಟರಿ ಗೂಡಿನ ಮುಚ್ಚಳ ತೆರೆದೇ ಇರಲಿ. ಎಕ್ಸ್‌ರೇಯಲ್ಲಿ ಮೋಟಾರು, ವೈರು, ಸರ್ಕ್ಯೂಟ್ ಒಟ್ಟಿಗೆ ಕಂಡಾಗ ನೋಡೋರಿಗೆ ಅನುಮಾನ ಬರೋದು ಸಹಜ. ಚೀಲ ತೆರೆದವರಿಗೆ ಅರ್ಧ ನಿಮಿಷದಲ್ಲಿ ಉತ್ತರ ಸಿಗಬೇಕು.

ಮನೆಯಲ್ಲೇ ಬಿಡಬೇಕಾದವು

ನೈಟ್ರೋ ಕಾರಿನವರು ಗಮನಿಸಿ. ಅದರ ಇಂಧನ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ. ಕೈಚೀಲಕ್ಕೂ ಇಲ್ಲ, ಚೆಕ್-ಇನ್‌ಗೂ ಇಲ್ಲ, ಸೀಲ್ ಒಡೆಯದ ಡಬ್ಬಿಯಾದರೂ ಇಲ್ಲ. ಒಮ್ಮೆ ಓಡಿಸಿದ ಎಂಜಿನ್ನಿನಲ್ಲಿ, ಟ್ಯಾಂಕಿನಲ್ಲಿ ಆವಿ ಉಳಿದಿರುತ್ತೆ. ಹಾಗಾಗಿ ಏರ್‌ಲೈನ್ ಮೊದಲೇ ಒಪ್ಪದೇ ಅದನ್ನ ತಗೊಂಡು ಹೊರಡಬೇಡಿ. ಬ್ರೇಕ್ ಕ್ಲೀನರ್ ಸ್ಪ್ರೇ, ಬ್ಯೂಟೇನ್ ಸೋಲ್ಡರಿಂಗ್ ಕಡ್ಡಿ, ಟೈರ್ ಅಂಟಿನ ಬಾಟಲಿ ಕೂಡ ಬೇಡ. ಬೇಕಾದ್ದನ್ನ ಬೆಂಗಳೂರಿನಲ್ಲೇ ಕೊಂಡರಾಯ್ತು.

ಕೌಂಟರಿನಲ್ಲಿ ಏನು ಹೇಳಬೇಕು?

ನನ್ನ ಸ್ನೇಹಿತನೊಬ್ಬನ ಕಥೆ ಕೇಳಿ. ಬ್ಯಾಟರಿಯನ್ನ ಕಾರಿನ ಒಳಗೇ ಬಿಟ್ಟು, ಸೂಟ್‌ಕೇಸಿಗೆ ಬೀಗ ಹಾಕಿ, ಚೆಕ್-ಇನ್ ಮಾಡಿ, ಆರಾಮಾಗಿ ಗೇಟಿನ ಹತ್ರ ವಡಾಪಾವ್ ತಿನ್ನುತ್ತಾ ಕೂತಿದ್ದ. ಮೈಕಿನಲ್ಲಿ ಅವನ ಹೆಸರು ಕೂಗಿದರು. ವಾಪಸ್ ಹೋಗಿ ಸೂಟ್‌ಕೇಸ್ ತೆಗೆದು ತೋರಿಸಬೇಕಾಯ್ತು. ಬ್ಯಾಟರಿಯನ್ನ ಅಲ್ಲೇ ಒಪ್ಪಿಸಿ ಓಡಿ ಬಂದು ವಿಮಾನ ಹತ್ತಿದ. ಕಾರು ಊರಿಗೆ ಹೋಯ್ತು, ಓಡಿಸೋಕೆ ಬ್ಯಾಟರಿ ಇಲ್ಲ. ಹತ್ತು ದಿನದ ರಜೆ ಪೂರ್ತಿ ಅದು ಅವರ ಮನೆ ಟೀವಿ ಪಕ್ಕ ಶೋಪೀಸ್ ಆಗಿ ಕೂತಿತ್ತು.

ಅದಕ್ಕೇ ಕೇಳೋ ಮುಂಚೆ ನೀವೇ ಹೇಳಿ: "ಸರ್, ಇದರಲ್ಲಿ ರಿಮೋಟ್ ಕಂಟ್ರೋಲ್ ಆಟಿಕೆ ಕಾರಿದೆ. ಬ್ಯಾಟರಿ ತೆಗೆದು ಕೈಚೀಲದಲ್ಲಿಟ್ಟಿದ್ದೀನಿ, 37 ವ್ಯಾಟ್-ಅವರ್." "ಬ್ಯಾಟರಿ ಗಾಡಿ" ಅಂತ ಹೇಳಬೇಡಿ. ಜನ ನಿಂತು ಓಡಿಸೋ ಹೋವರ್‌ಬೋರ್ಡ್ ಅಂದುಕೊಂಡರೆ ಬೇರೆ ನಿಯಮ ಶುರುವಾಗುತ್ತೆ. ಭದ್ರತಾ ತಪಾಸಣೆಯಲ್ಲಿ ಲ್ಯಾಪ್‌ಟಾಪ್ ತೆಗೆಯೋ ಹಾಗೆ ಲಿಪೋ ಬ್ಯಾಗನ್ನೂ ಟ್ರೇನಲ್ಲಿ ಬೇರೆ ಇಡಿ. ಲೋಹೆಗಾಂವ್ ವಾಯುಪಡೆಯ ನೆಲೆಯೂ ಹೌದು, ಅಲ್ಲಿ ಮೊಬೈಲ್ ಎತ್ತಿ ಶೂಟ್ ಮಾಡೋಕೆ ಹೋಗಬೇಡಿ. ಇಷ್ಟೆಲ್ಲ ಆದ ಮೇಲೂ ಸಿಬ್ಬಂದಿ ಬೇಡ ಅಂದ್ರೆ ಅವರ ಮಾತೇ ಕೊನೆ. ಹಾಗಾಗಿ ಬೀಳ್ಕೊಡೋಕೆ ಬಂದ ಗೆಳೆಯರಿಗೆ "ನಾನು ಒಳಗೆ ದಾಟಿದ ಮೇಲೆ ಹೋಗ್ರಪ್ಪಾ" ಅಂತ ಹೇಳಿಟ್ಟಿರಿ, ಬ್ಯಾಟರಿ ಅವರ ಕೈಲಿ ವಾಪಸ್ ಕಳಿಸಬಹುದು.

ಬಹಳ ಜನ ತಪ್ಪೋ ಜಾಗ ಇನ್ನೊಂದಿದೆ. ವಿಮಾನ ತುಂಬಿದ್ದಾಗ ಗೇಟಿನಲ್ಲಿ "ನಿಮ್ಮ ಕೈಚೀಲ ಕೆಳಗೆ ಹಾಕ್ತೀವಿ" ಅಂತ ಟ್ಯಾಗ್ ಕಟ್ಟಿ ತಗೊಳ್ತಾರೆ. ಆಗ ಲಿಪೋ ಬ್ಯಾಗು, ಪವರ್‌ಬ್ಯಾಂಕು ಎರಡನ್ನೂ ಹೊರಗೆ ತೆಗೆದು ನಿಮ್ಮ ಜೊತೆ ಇಟ್ಟುಕೊಳ್ಳಲೇಬೇಕು. ಚೀಲದ ಬಾಯಿ ಹತ್ರವೇ ಇಟ್ಟಿದ್ದರೆ ಹತ್ತು ಸೆಕೆಂಡಿನ ಕೆಲಸ.

ಒಳಗೆ ಕೂತ ಮೇಲೆ ಬ್ಯಾಟರಿ ಇರೋ ಚೀಲ ಮುಂದಿನ ಸೀಟಿನ ಕೆಳಗಿರಲಿ. ಅದು ಬಿಸಿಯಾದ ಹಾಗೆ, ಊದಿದ ಹಾಗೆ ಅನ್ನಿಸಿದರೆ ಮುಚ್ಚಿಡಬೇಡಿ, ನಾಚಿಕೆ ಪಡಬೇಡಿ, ತಕ್ಷಣ ಸಿಬ್ಬಂದಿಯನ್ನ ಕರೀರಿ. ಅವರಿಗೆ ಇದರ ತರಬೇತಿ ಇದೆ. ಅವರಿಗೆ ಬೇಕಾಗಿರೋದು ಸಮಯ, ಅದನ್ನ ಕೊಡಬೇಕಾದವರು ನೀವು.

6ಎಸ್ ಇದ್ದವರು, ವಿದೇಶದಿಂದ ಬರೋರು

111 ವ್ಯಾಟ್-ಅವರ್‌ನ 6ಎಸ್ ಪ್ಯಾಕಿಗೆ ಏರ್‌ಲೈನಿನ ಒಪ್ಪಿಗೆ ಸಿಗಲಿಲ್ಲ ಅಂದ್ರೆ ಎರಡು ದಾರಿ. ಒಂದು, ಎರಡು 3ಎಸ್ ಪ್ಯಾಕನ್ನ ಸೀರೀಸಿನಲ್ಲಿ ಜೋಡಿಸಿ ಓಡಿಸೋದು. ಪ್ರಯಾಣದಲ್ಲಿ ಅವು 55.5ರ ಎರಡು ಬೇರೆ ಬೇರೆ ಬ್ಯಾಟರಿ. ಇನ್ನೊಂದು, ರೈಲು. ಬಾರಾಮತಿಯಿಂದ ದೌಂಡ್‌ಗೆ ಹೋದರೆ ಅಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಸಿಗುತ್ತೆ. ಸೋಲಾಪುರ, ಕಲಬುರಗಿ ದಾಟಿ ಬೆಂಗಳೂರಿಗೆ ಬಿಡುತ್ತೆ. ಕಲಬುರಗಿ, ರಾಯಚೂರು ಕಡೆಯವರಿಗಂತೂ ವಿಮಾನಕ್ಕಿಂತ ಇದೇ ನೇರ ದಾರಿ. ಆದರೆ ನೈಟ್ರೋ ಇಂಧನಕ್ಕೆ ರೈಲಿನಲ್ಲೂ ಜಾಗ ಇಲ್ಲ. ರೈಲಿನಲ್ಲೂ ಬ್ಯಾಟರಿ ಸ್ಟೋರೇಜ್ ಚಾರ್ಜಿನಲ್ಲೇ, ಕನೆಕ್ಟರ್ ಮುಚ್ಚಿಯೇ ಇರಬೇಕು. ಬರ್ತಿನ ಪಕ್ಕ ಚಾರ್ಜ್ ಮಾಡೋದಂತೂ ಬೇಡವೇ ಬೇಡ.

ವಿದೇಶದಿಂದ ಬರೋರಿಗೂ ವ್ಯಾಟ್-ಅವರ್ ಲೆಕ್ಕ ಇದೇ. ಕಾರು, ದೋಣಿ ಸರಿ. ಹಾರೋದನ್ನ ತರೋ ಯೋಚನೆ ಇದ್ದರೆ ಮಾತ್ರ ಜಾಗ್ರತೆ. ಹೊರದೇಶದ ಡ್ರೋನ್ ಆಮದನ್ನ 2022ರ ಫೆಬ್ರವರಿ 9ರಂದು ಭಾರತ ಸರ್ಕಾರ ನಿಷೇಧಿಸಿದೆ. ಅಳಿಯನಿಗೆ ಉಡುಗೊರೆ ಅಂತ ತಂದದ್ದು ಕಸ್ಟಮ್ಸಿನಲ್ಲೇ ಉಳಿಯಬಹುದು.

ಎಲ್ಲ ಮರೆತರೂ ಒಂದು ಪ್ರಶ್ನೆ ನೆನಪಿಟ್ಟುಕೊಳ್ಳಿ: "ಇದಕ್ಕೆ ಬೆಂಕಿ ಹತ್ತಿದರೆ ಯಾರಿಗಾದರೂ ತಕ್ಷಣ ಕಾಣುತ್ತಾ?" ಕಾಣಲ್ಲ ಅನ್ನೋ ಜಾಗದಲ್ಲಿ ಬ್ಯಾಟರಿ ಇಡಬೇಡಿ. ಒಂದು ಪ್ಯಾಕ್ ಹೋದರೆ ಕೆಲವು ಸಾವಿರ ರೂಪಾಯಿ, ಅದನ್ನ ಮತ್ತೆ ದುಡೀಬಹುದು. ಅದೇ ವಿಮಾನದಲ್ಲಿ ನಮ್ಮ ಹಾಗೇ ಹಬ್ಬಕ್ಕೆ ಊರಿಗೆ ಹೊರಟ ನೂರಾರು ಜನ ಕೂತಿರ್ತಾರೆ.

ನಿಮ್ಮ ಪ್ಯಾಕಿನ ಲೆಕ್ಕ ಗೊಂದಲ ಅನ್ನಿಸಿದರೆ ವೋಲ್ಟ್, ಎಂಎಎಚ್ ಎರಡನ್ನೂ ಬರೆದು ಕಳಿಸಿ, ಲೆಕ್ಕ ಮಾಡಿ ಹೇಳ್ತೀನಿ. ಮುಂದಿನ ವಿಡಿಯೋದಲ್ಲಿ ಮಳೆಗಾಲದ ಕೆಸರಲ್ಲಿ ಓಡಿಸಿದ ಮೇಲೆ ಬೇರಿಂಗ್ ಉಳಿಸಿಕೊಳ್ಳೋದು ಹೇಗೆ ಅಂತ ನೋಡೋಣ. ಹುಷಾರಾಗಿ ಹೋಗಿ ಬನ್ನಿ, ಸಿಗೋಣ.